ಕಸ್ತೂರಿ ಬಿಸಿಲಲ್ಲಿ ನಿಂತದ್ದು

ಬಾಗಿಲಿನ ತಗಡನ್ನು ಯಾರೋ ಮೆಲ್ಲಗೆ ಗೀರಿದಂತೆ ಸದ್ದಾಯಿತು. ಇಲಿಯಿರಬೇಕೆಂದು ಸುಮ್ಮನಾದೆ. ನನಗೆ ಮೊದಲಿನಿಂದಲೂ ಗಟ್ಟಿ ನಿದ್ದೆಯಿಲ್ಲ. ಮನೆಯ ಯಾವ ಸದ್ದು ಯಾವುದರದ್ದೆಂದು ಮಲಗಿದಲ್ಲಿಂದಲೇ ಹೇಳಬಲ್ಲೆ. ಇದು ಇಲಿಯದಲ್ಲ ಎಂಬುದು ಎರಡನೆಯ ಸಲ ಕೇಳಿದಾಗ ಖಾತ್ರಿಯಾಯಿತು. ಗಂಡನನ್ನು ಎಬ್ಬಿಸದೆ ಎದ್ದು ಕಿಟಕಿಯ ಸಂದಿಯಿಂದ ನೋಡಿದೆ. ಅಂಗಳದ ನಡುವೆ, ಬೆಳದಿಂಗಳು ಚೆನ್ನಾಗಿ ಬೀಳುವ ಕಡೆ, ನನ್ನ ನಾದಿನಿ ಕಸ್ತೂರಿ ನಿಂತಿದ್ದಳು. ಕೈಯಲ್ಲಿ ಹಗ್ಗಕ್ಕೆ ಬಟ್ಟೆ ಏರಿಸುವ ಉದ್ದನೆಯ ಕೋಲು. ಸೂರಿನ ಕೆಳಗೆ ಕಾಲಿಡದೆ, ದೂರದಿಂದಲೇ ಅದರ ತುದಿಯನ್ನು ಬಾಗಿಲಿಗೆ ತಾಗಿಸುತ್ತಿದ್ದಳು.

ಬಾಗಿಲು ತೆಗೆದು ಒಳಗೆ ಕರೆದೆ. ಅವಳು ಬರಲಿಲ್ಲ.

“ಸೂರಿನ ಕೆಳಗ ಬರೂದಿಲ್ಲ ವೈನಿ. ಲಾಟೀನ ಹಚ್ಚಿಕೊಂಡು ಬಾ. ಚಂದ್ರ ಇಳೀಲಿಕ್ಕತ್ಯಾನ.”

ಅಷ್ಟು ಸಾಕಾಯಿತು. ಅವಳು ಗಂಡನ ಮನೆ ಬಿಟ್ಟು ಬಂದಿದ್ದಾಳೆಂದು ನಮ್ಮ ಊರಿನ ಯಾರಿಗಾದರೂ ಆ ಮಾತಿನಿಂದಲೇ ತಿಳಿಯುತ್ತಿತ್ತು.

ನಮ್ಮಲ್ಲಿ ಬಿಸಿಲು ಕೇಂದ್ರದ್ದು, ನೆರಳು ರಾಜ್ಯದ್ದು. ಬೆಳದಿಂಗಳು ಇಬ್ಬರದ್ದೂ; ಇಬ್ಬರ ಮಾತು ಬೇರೆಯಾದಾಗ ಬಿಸಿಲಿನವರ ಮಾತು ನಡೆಯುತ್ತದೆ. ದೀಪದ ಬೆಳಕು ಹಂಚುವ ಕಾಲದಲ್ಲಿ ಯಾರಿಗೂ ನೆನಪಾಗಲಿಲ್ಲವಂತೆ. ಹಂಚದೆ ಉಳಿದದ್ದೆಲ್ಲ ಕೇಂದ್ರಕ್ಕೆ ಎಂದು ಕೊನೆಯಲ್ಲಿ ಯಾರೋ ಒಂದು ಸಾಲು ಸೇರಿಸಿದರು, ಊರಿನ ಲಾಟೀನುಗಳೆಲ್ಲ ಅವರ ಪಾಲಾದವು. ಮಧ್ಯಾಹ್ನ ರಾಜ್ಯವೆಂಬುದು ಸೂರುಗಳ ಕೆಳಗೆ ಮುದುಡಿಕೊಳ್ಳುತ್ತದೆ. ಅದರ ನೌಕರರು ಊಟ ಮಾಡಿ ಮಲಗುವುದು ಆಗಲೇ. ಸಂಜೆ ಅದು ಓಣಿಗಳನ್ನೆಲ್ಲ ತುಂಬಿಕೊಂಡು ಹರಡುತ್ತದೆ, ಅದರ ಪೊಲೀಸರು ಎದೆ ಸೆಟೆಸಿ ತಿರುಗುತ್ತಾರೆ. ಕಾಯಿಪಲ್ಲೆ ಮಾರುವವಳು ಯಾವ ಸುಂಕ ಕಡಿಮೆಯೋ ನೋಡಿ ತನ್ನ ಬುಟ್ಟಿಯನ್ನು ಅರ್ಧ ಮೊಳ ಅತ್ತ ಇತ್ತ ಎಳೆದುಕೊಳ್ಳುತ್ತಾಳೆ. ಕೇಂದ್ರದವರು ರಸ್ತೆ ಅಗಲ ಮಾಡುವ ನೆವದಲ್ಲಿ ಮರ ಕಡಿಸುತ್ತಾರೆ. ರಾಜ್ಯದವರು ತೊಟ್ಟಿಲ ಶಾಸ್ತ್ರಕ್ಕೂ ಚಪ್ಪರ ಹಾಕಿಸುತ್ತಾರೆ. ನಾವು ಇದನ್ನು ವಿಚಿತ್ರವೆಂದು ಭಾವಿಸಿದವರಲ್ಲ. ಬಿಸಿಲಲ್ಲಿ ನಿಂತವರ ಮೇಲೆ ನಿನ್ನ ನೆರಳು ಹಾಕಬೇಡ ಎಂಬುದು ನಮ್ಮ ಮಕ್ಕಳಿಗೆ ಕಲಿಸುವ ಮೊದಲ ಮರ್ಯಾದೆ. ನಡೆಯಲು ಬರುವ ಮುಂಚೆಯೇ ಅವು ಸೂರ್ಯ ಎಲ್ಲಿದ್ದಾನೆಂದು ನೋಡಿ ಪಕ್ಕಕ್ಕೆ ಸರಿಯಲು ಕಲಿಯುತ್ತವೆ.

ಗಂಡನ ಮನೆ ಬಿಟ್ಟ ಹೆಂಗಸು ನೆರಳಿನಲ್ಲಿ ಸಿಕ್ಕರೆ ಅವಳನ್ನು ಹಿಡಿದು ವಾಪಸು ಮುಟ್ಟಿಸುವುದು ರಾಜ್ಯದ ಕಾನೂನು. ಯಾವ ಹೆಂಗಸನ್ನೂ ಅವಳ ಮನಸ್ಸಿಗೆ ವಿರುದ್ಧವಾಗಿ ಎಲ್ಲಿಗೂ ಒಯ್ಯುವಂತಿಲ್ಲ ಎನ್ನುವುದು ಕೇಂದ್ರದ ಕಾನೂನು. ಪರರು ಬೇಕೆಂದೇ ಅವಳ ಮೇಲೆ ನೆರಳು ಎಸೆದರೆ ಅದು ನೆರಳೇ ಅಲ್ಲ, ಎಸೆದವರಿಗೆ ಕೇಂದ್ರದ ಸೆರೆ. ಆದರೆ ಅವಳೇ ನಡೆದು ಹೋದ ನೆರಳು, ಮನೆಯವರು ಮಮತೆಯಿಂದ ಹಿಡಿದ ನೆರಳು ರಾಜ್ಯದ್ದೇ. ಇದನ್ನೆಲ್ಲ ಕಾಲೇಜಿನಲ್ಲಿ ನಾನು ಬಾಯಿಪಾಠ ಮಾಡಿ ಮೊದಲ ದರ್ಜೆಯಲ್ಲಿ ಪಾಸಾಗಿದ್ದೆ. ಒಬ್ಬ ಹೆಂಗಸಿಗೆ ಹಕ್ಕು ಒಂದು ಕಡೆ, ಸೂರು ಇನ್ನೊಂದು ಕಡೆ ಇದೆ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ಕಸ್ತೂರಿ ಕುಪ್ಪಸದ ತೋಳು ಸರಿಸಿ ತೋರಿಸಿದಳು. ತಾಡಪತ್ರಿ ಬಿಗಿಯುವ ನೈಲಾನು ಹಗ್ಗದ ಗುರುತು ಮೊಣಕೈಯವರೆಗೂ ಇತ್ತು. ಅವಳ ಗಂಡ ಗುರುಪಾದನದು ಪೇಟೆಯಲ್ಲಿ ತಾಡಪತ್ರಿ, ಟಾರ್ಪಾಲಿನ ಅಂಗಡಿ. ಊರಿನ ಅರ್ಧ ನೆರಳು ಅವನ ಅಂಗಡಿಯಿಂದಲೇ ಹೋದದ್ದು, ಹಾಗಾಗಿ ರಾಜ್ಯದವರಿಗೆ ಅವನೆಂದರೆ ಪ್ರೀತಿ. ನಮ್ಮ ಅತ್ತೆ ನೀಲವ್ವ ಎದ್ದು ಬಂದು ಮಗಳ ತೋಳನ್ನು ನೋಡಿದರು. ಒಳಗೆ ಹೋಗಿ ಇನ್ನೂ ಮೂರು ಲಾಟೀನು ತಂದು, ಯಾವ ಮಗ್ಗುಲಲ್ಲೂ ಕತ್ತಲೆ ಉಳಿಯದಂತೆ ಅವಳ ಸುತ್ತ ಇಟ್ಟರು.

ಕಸ್ತೂರಿ ನಮ್ಮ ಅಂಗಳದಲ್ಲಿ ಬಾಳತೊಡಗಿದ್ದು ಹೀಗೆ. ಬೆಳಿಗ್ಗೆ ಪಡುವಣ ಮೂಲೆ, ಮಧ್ಯಾಹ್ನ ನಡು ಅಂಗಳ, ಹೊತ್ತು ಇಳಿಯುವಾಗ ಹೊರಗಿನ ಮೆಟ್ಟಿಲು ಹತ್ತಿ ಮಾಳಿಗೆ, ಕತ್ತಲಾದ ಮೇಲೆ ನಾಲ್ಕು ಲಾಟೀನುಗಳ ನಡುವೆ ಚಾಪೆ. ತಟ್ಟೆ ಕೊಡುವಾಗ, ನೀರು ಹಾಕುವಾಗ, ತಲೆ ಬಾಚುವಾಗ ನಾವೆಲ್ಲ ಸೂರ್ಯನಿಗೆ ಎದುರಾಗಿ, ಅವಳಾಚೆ ನಿಲ್ಲುತ್ತಿದ್ದೆವು. ಹಸಿ ಗೋಣಿ ಹೊದಿಸುವಂತಿರಲಿಲ್ಲ, ಅದರ ಕೆಳಗೆ ನೆರಳಾಗುತ್ತದೆ. ಕೂರಲು ಹಾಸಿ ಕೊಡುತ್ತಿದ್ದೆವು. ಒಂದು ವಾರದಲ್ಲಿ ಮೂಗಿನ ಮೇಲೆ ಚರ್ಮ ಸುಲಿಯಿತು. ಆಮೇಲೆ ತುಟಿ.

ಗುರುಪಾದ ಮರುದಿನವೇ ಬಂದ. ಕೂಗಾಡಲಿಲ್ಲ. ನಮ್ಮ ಎದುರು ಹಿಟ್ಟಿನ ಗಿರಣಿಯಿದೆ, ಅದರ ಮುಂದಿನ ಚಪ್ಪರದಲ್ಲಿ ಬೆಂಚು ಹಾಕಿಕೊಂಡು ಕುಳಿತ. ಜೊತೆಗೆ ರಾಜ್ಯದ ಹವಾಲ್ದಾರ ತಿಪ್ಪಣ್ಣ. ಸಮವಸ್ತ್ರದಲ್ಲಿರುವಾಗ ತಿಪ್ಪಣ್ಣ ಬಿಸಿಲಿಗೆ ಕಾಲಿಡುವಂತಿಲ್ಲ, ಆದ್ದರಿಂದ ಚಪ್ಪರದ ಅಂಚಿನವರೆಗೆ ಬಂದು ಬೂಟಿನ ತುದಿ ನೋಡಿಕೊಂಡು ನಿಲ್ಲುತ್ತಿದ್ದ. ಗುರುಪಾದ ಆಗಾಗ ಮೆತ್ತಗೆ ಕರೆಯುತ್ತಿದ್ದ, ಬಾ, ಬಿಸಿಲಿಗೆ ಬಾಡಿ ಹೋಗುತ್ತೀ ಎಂದು. ಗಿರಣಿಗೆ ಬಂದ ಹೆಂಗಸರು ಅದನ್ನು ಕೇಳಿ ಮನಸ್ಸು ಕರಗಿಸಿಕೊಳ್ಳುತ್ತಿದ್ದರು. ಇಂಥ ಗಂಡ ಯಾರಿಗೆ ಸಿಕ್ಕಾನು, ಕೆಲಸ ಬಿಟ್ಟು ಬಂದು ಕಾಯುತ್ತಾನೆ ಎಂದು ನನಗೆ ಕೇಳುವಂತೆಯೇ ಮಾತಾಡುತ್ತಿದ್ದರು. ತಂಪಿನಲ್ಲಿ ಕುಳಿತವರ ಮಾತು ಯಾವಾಗಲೂ ಕರುಣೆಯದೇ ಆಗಿರುತ್ತದೆಂಬುದನ್ನು ನಾನು ಆ ದಿನಗಳಲ್ಲಿ ಕಲಿತೆ.

ಒಮ್ಮೆ ತಿಪ್ಪಣ್ಣ ಬೇಸರದಿಂದಲೋ ಕನಿಕರದಿಂದಲೋ ಹೇಳಿದ, “ಯಾಕ ಸುಡತೀಯವಾ ತಂಗಿ. ಬರೇ ಒಂದು ಹೆಜ್ಜಿ. ಒಂದು ಹೆಜ್ಜಿ ಇಟ್ರ ಏನ ಗಂಟ ಹೋಗತೈತಿ?”

“ನೀವ ಬರ್ರಿ ಹವಾಲ್ದಾರ, ಇತ್ಲಾಗ,” ಎಂದಳು ಕಸ್ತೂರಿ. “ಬರೇ ಒಂದು ಹೆಜ್ಜಿ.”

ಗಿರಣಿಯವನೂ ನಕ್ಕ. ತಿಪ್ಪಣ್ಣನೂ ನಕ್ಕು ಬೂಟನ್ನು ಹಿಂದೆಗೆದುಕೊಂಡ. ಗುರುಪಾದ ಮಾತ್ರ ನಗಲಿಲ್ಲ. ಯಾರು ಯಾರು ನಕ್ಕರೆಂದು ಒಬ್ಬೊಬ್ಬರನ್ನಾಗಿ ನೋಡಿದ.

ನಾನು ಬಿಸಿಲು ಕಚೇರಿಗೆ ಹೋದೆ. ಅದಕ್ಕೆ ನಾಲ್ಕು ಗೋಡೆಗಳಿವೆ, ಸೂರಿಲ್ಲ. ಗುಮಾಸ್ತರು ಕಾಗದಗಳ ಮೇಲೆ ಕಲ್ಲಿಟ್ಟು, ಕಣ್ಣು ಕಿರಿದಾಗಿಸಿಕೊಂಡು ಬರೆಯುತ್ತಾರೆ. ಅಲ್ಲಿನ ಅಧಿಕಾರಿ ಹೊರಗಿನಿಂದ ವರ್ಗವಾಗಿ ಬಂದವರು. ಅವರ ಹ್ಯಾಟಿನ ಅಂಚಿನ ಕೆಳಗೆ ಮುಖದಷ್ಟಗಲ ನೆರಳಿರುವುದರಿಂದ ಊರಿನವರು ಅವರನ್ನು ಟೊಪ್ಪಿಗೆ ಸಾಹೇಬರೆಂದು ಕರೆದು ನಗುತ್ತಿದ್ದರು. ಸಾಹೇಬರ ತಲೆ ಮಾತ್ರ ರಾಜ್ಯದ್ದು ಎಂದು. ಅವರು ನನ್ನನ್ನು ಕೂರಿಸಿ, ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಕಾದ ಕಬ್ಬಿಣದ ಕುರ್ಚಿ. ನಿಮ್ಮ ನಾದಿನಿಯವರ ಹಕ್ಕು ಸಂಪೂರ್ಣ ಸುರಕ್ಷಿತವಾಗಿದೆ ಎಂದರು. ಅವಳ ಮೈ ಸುಡುತ್ತಿದೆ ಎಂದೆ. ಔಷಧೋಪಚಾರ ನೆರಳಿನ ವಿಷಯ ಎಂದರು. ಮೇಲೆ ಏನಾದರೂ ಹೊದಿಸಬಹುದೇ ಎಂದು ಕೇಳಿದೆ. ಅವರಿಗೆ ಒಂದು ಉಪಾಯ ಹೊಳೆದು ಸಂತೋಷವಾಯಿತು: ಗಾಜು ಹೊದಿಸಬಹುದು, ಬಿಸಿಲು ಹಾಯುತ್ತದಲ್ಲ. ಆ ಕೂಡಲೇ ಬರೆಸಿದರು. ಗಾಜಿಗೂ ತೆಳುವಾದ ನೆರಳಿದೆ, ಅದು ತಮ್ಮದು ಎಂದು ರಾಜ್ಯದವರು ತಕರಾರು ತೆಗೆದರು. ಆ ಪ್ರಶ್ನೆ ಮೇಲಕ್ಕೆ ಹೋಯಿತು, ಈಗಲೂ ಮೇಲೆಯೇ ಇದೆ.

ಇನ್ನೊಂದು ದಾರಿಯನ್ನೂ ಅವರೇ ಹೇಳಿದರು. ರಾಜಧಾನಿಯಲ್ಲಿ ಹೆಣ್ಣುಮಕ್ಕಳ ವಸತಿಗೃಹವಿದೆ, ಅಲ್ಲಿಗೆ ಹೋಗಲು ರಹದಾರಿ ತರಿಸಬಹುದು. ರೈಲು ಕೇಂದ್ರದ್ದಾದ್ದರಿಂದ ನಮ್ಮಲ್ಲಿ ಡಬ್ಬಿಗಳಿಗೆ ಸೂರು ಇರುವುದಿಲ್ಲ. ಕಸ್ತೂರಿ ಬಿಸಿಲಲ್ಲೇ ಕುಳಿತು ಊರು ದಾಟಬಹುದಿತ್ತು. ಆ ವಸತಿಗೃಹಕ್ಕೆ ಸೂರು ಇದೆಯೇ ಎಂದು ವಿಚಾರಿಸಿದೆ.

“ರಾಜಧಾನಿಯಲ್ಲಿ ಎಲ್ಲವೂ ಇದೆ,” ಎಂದರು ಸಾಹೇಬರು, ನಾನು ಅನುಚಿತವಾದದ್ದೇನೋ ಕೇಳಿದೆನೆಂಬಂತೆ.

ರಹದಾರಿ ಬರುವವರೆಗೆ ಅವಳ ಮೇಲೆ ನೆರಳು ಬೀಳದಿದ್ದರೆ ಆಯಿತು. ಕಸ್ತೂರಿಗೆ ಇದನ್ನು ಹೇಳಿದಾಗ ಅವಳು ಒಡೆದ ತುಟಿಯಲ್ಲೇ ನಕ್ಕು, ಅಲ್ಲಿಗೆ ಹೋದ ಮೇಲೆ ಮೊದಲ ದಿನವೆಲ್ಲ ಮಂಚದ ಕೆಳಗೆ ಮಲಗುತ್ತೇನೆ ಎಂದಳು.

ನನ್ನ ಗಂಡ ಯಮನೂರ ರಾಜ್ಯದ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಒಂದು ಸಂಜೆ ಊಟಕ್ಕೆ ಕುಳಿತಾಗ ಅವನು ರೊಟ್ಟಿ ಮುರಿಯದೆ ಹೇಳಿದ: ಮೇಲಿನವರು ಕರೆಸಿದ್ದರು. ನೆರಳಿನ ಅನ್ನ ಉಂಡು ಬಿಸಿಲಿಗೆ ಅಂಗಳ ಕೊಟ್ಟವನಿಗೆ ಈ ಕಚೇರಿಯಲ್ಲಿ ಜಾಗವಿಲ್ಲ ಎಂದರು. ತಿಂಗಳ ಕೊನೆಯವರೆಗೆ ನೋಡುತ್ತಾರಂತೆ. ನಾನು ಆ ಮಾತು ಅಂಗಳಕ್ಕೆ ಕೇಳಿಸದಿರಲೆಂದು ಬಾಗಿಲು ಮುಂದೆ ಮಾಡಿದೆ. ಅತ್ತೆ ಬಡಿಸುತ್ತಿದ್ದವರು ನಿಲ್ಲಿಸಲಿಲ್ಲ. ಮಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, ಎಂದಿನಂತೆ ಲಾಟೀನುಗಳಿಗೆ ಎಣ್ಣೆ ತುಂಬಲು ಎದ್ದರು. ನಾಲ್ಕು ಚಿಮಣಿಗಳನ್ನೂ ಬೂದಿಯಿಂದ ತಿಕ್ಕಿ ಒರೆಸಿದರು. ಅವರು ಮಗಳನ್ನು ಎಷ್ಟು ಹಚ್ಚಿಕೊಂಡಿದ್ದರೆಂದು ನನಗೆ ಗೊತ್ತು. ಅವರ ಪ್ರೀತಿಯನ್ನು ನಾನು ಅಂದೂ ಸಂಶಯಿಸಲಿಲ್ಲ, ಇಂದೂ ಸಂಶಯಿಸುವುದಿಲ್ಲ. ಅದೇ ಕಷ್ಟ.

ಮರುದಿನ ಅತ್ತೆ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋದರು. ಮನೆಯಲ್ಲಿ ಹಿಟ್ಟು ತುಂಬಿತ್ತು. ಹಿಂದಿನ ದಿನವಷ್ಟೇ ನಾನು ಬೀಸಿಸಿ ತಂದಿದ್ದೆ. ಅದನ್ನು ಹೇಳಲು ಬಾಗಿಲವರೆಗೆ ಬಂದವಳು, ಅವರು ಆಗಲೇ ಓಣಿ ದಾಟಿದ್ದರಿಂದ ನಿಂತು ನೋಡಿದೆ. ಬೀಸಿ ಮುಗಿದ ಮೇಲೂ ಅವರು ಚಪ್ಪರದಲ್ಲೇ ಇದ್ದರು. ಗುರುಪಾದ ಎದ್ದು ಬೆಂಚು ಬಿಟ್ಟುಕೊಟ್ಟ. ಅಳಿಯ ಅತ್ತೆಗೆ ತೋರಿಸುವ ಮರ್ಯಾದೆ ಎಂದು ಯಾರಾದರೂ ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಳ್ಳಲು ಪ್ರಯತ್ನಿಸಿದೆ. ವಾಪಸು ಬಂದವರು ಹಿಟ್ಟಿನ ಡಬ್ಬಿಯನ್ನು ಇಳಿಸಿ, ಅದರ ಮುಚ್ಚಳವನ್ನು ಸೆರಗಿನಿಂದ ಒರೆಸಿದರು, ಇನ್ನೊಮ್ಮೆ ಒರೆಸಿದರು.

ಅದಾಗಿ ಎರಡನೆಯ ಬೆಳಿಗ್ಗೆ ಕಸ್ತೂರಿಗೆ ಜ್ವರ. ಪಡುವಣ ಮೂಲೆಯಲ್ಲಿ ಮಂಡಿ ಮಡಚಿ ಕುಳಿತಿದ್ದಳು, ಕಣ್ಣು ಮುಚ್ಚಿತ್ತು. ನಾನು ಅಡುಗೆಮನೆಯ ಕಿಟಕಿಯಲ್ಲಿದ್ದೆ. ಅತ್ತೆ ಮಜ್ಜಿಗೆಯ ತಂಬಿಗೆ ಹಿಡಿದು ಅಂಗಳಕ್ಕೆ ಇಳಿದರು. ದಿನಾಲೂ ಅವರು ಗೋಡೆಯ ಗುಂಟ ಹೋಗಿ ಮಗಳ ಆಚೆ ಬದಿಗೆ ನಿಲ್ಲುತ್ತಿದ್ದರು. ಆ ದಿನ ಗೋಡೆಯ ಕಡೆ ಹೋಗಲಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ನೇರ ನಡೆದರು. ಹೋಗುವ ಮೊದಲು ಒಮ್ಮೆ ಓಣಿಯಾಚೆ ಗಿರಣಿಯ ಕಡೆ ನೋಡಿದರು. ಅಲ್ಲಿ ಗುರುಪಾದ ಎದ್ದು ನಿಂತಿದ್ದ.

ಅವರು ತಂಬಿಗೆಯನ್ನು ಕೆಳಗಿಟ್ಟು, ಸೆರಗನ್ನು ಎರಡೂ ಕೈಯಲ್ಲಿ ಬಿಡಿಸಿ, ಮಗಳ ತಲೆಯ ಮೇಲೆ ಹಿಡಿದರು.

ನಾನು ಕೂಗಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಕಸ್ತೂರಿ ಒಂದು ಉಸಿರು ಬಿಟ್ಟದ್ದು ಕಾಣಿಸಿತು. ಕಣ್ಣು ತೆರೆಯದೆ, ಮುಖವನ್ನು ತಾಯಿಯ ಹೊಟ್ಟೆಗೆ ಒರಗಿಸಿದಳು. ಅಷ್ಟು ದಿನಗಳಿಂದ ಬಿಗಿಯಾಗಿದ್ದ ಅವಳ ಹುಬ್ಬುಗಳು ಸಡಿಲವಾದವು. ಆಗಲೇ ಗಿರಣಿಯ ಚಪ್ಪರದಿಂದ ನಾಲ್ಕು ಜನ ಕೋಲಿಗೆ ಕಟ್ಟಿದ ತಾಡಪತ್ರಿಯನ್ನು ಎತ್ತಿ ಹಿಡಿದು ಓಣಿ ದಾಟಿದರು. ಅದರ ನೆರಳು ನಮ್ಮ ಗೇಟು ದಾಟಿ, ಅಂಗಳದಲ್ಲಿ ಬೆಳೆದು, ಅತ್ತೆಯ ನೆರಳಿಗೆ ಬಂದು ಸೇರಿತು. ಆ ನೆರಳಿನ ಒಳಗೇ ತಿಪ್ಪಣ್ಣ ನಡೆದು ಬಂದ. ಅವನು ಕಸ್ತೂರಿಯ ತೋಳನ್ನು ಒರಟಾಗಿ ಹಿಡಿಯಲಿಲ್ಲ. ಕಾಯಿಲೆಯವರನ್ನು ಎಬ್ಬಿಸುವಂತೆ ಎಬ್ಬಿಸಿದ. ಅತ್ತೆಯ ಕೈಗಳು ಸೆರಗನ್ನು ಹಿಡಿದು ಹಾಗೇ ಮೇಲೆ ಇದ್ದವು, ಅವಳು ಗೇಟು ದಾಟಿ ಹೋದ ಮೇಲೂ.

“ತಲಿ ಕಾದಿತ್ತು,” ಎಂದರು ಯಾರಿಗೋ. “ಹಂಚಿನಂಗ ಕಾದಿತ್ತು.”

ಮಧ್ಯಾಹ್ನ ಟೊಪ್ಪಿಗೆ ಸಾಹೇಬರು ಬಂದರು. ಕಸ್ತೂರಿಯ ರಹದಾರಿ ಅವರ ಕೈಯಲ್ಲಿತ್ತು. ಬೆಳಗಿನ ರೈಲಿಗೆ ಬಂದದ್ದಂತೆ. ನಮ್ಮ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ನನ್ನನ್ನು ಕರೆಸಿದರು. ಅತ್ತೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು, ಯಮನೂರ ಕಚೇರಿಯಲ್ಲಿದ್ದ. ಸಾಹೇಬರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ತಾಡಪತ್ರಿ ಅಷ್ಟು ಬೇಗ ಹೇಗೆ ಸಿದ್ಧವಾಯಿತೆಂದು ಗುರುಪಾದನನ್ನು ಕೇಳಿದ್ದರಂತೆ. ನಾನು ತಾಡಪತ್ರಿ ವ್ಯಾಪಾರಿ, ನನ್ನ ಹತ್ತಿರ ಇನ್ನೇನು ಇರುತ್ತದೆ ಎಂದು ಅವನು ಹೇಳಿದನಂತೆ.

“ಈಗ ಎಲ್ಲವೂ ತಾಯಿಯ ಸೆರಗಿನ ಮೇಲೆ ನಿಂತಿದೆ,” ಎಂದರು ಸಾಹೇಬರು. “ಅದು ಮಮತೆಯ ನೆರಳಾಗಿದ್ದರೆ ನಾನು ಅಸಹಾಯಕ. ಮೊದಲೇ ಮಾತಾಗಿ ಹಿಡಿದ ನೆರಳಾಗಿದ್ದರೆ ಅದು ನೆರಳೇ ಅಲ್ಲ. ಇಂದಿನ ಸಂಜೆಯ ರೈಲಿಗೇ ಅವರನ್ನು ಹತ್ತಿಸಬಲ್ಲೆ. ತಾವು ಕಂಡಿದ್ದೀರಿ. ಒಂದು ಮಾತು ಹೇಳಿದರೆ ಸಾಕು.”

ಹಾಗೆ ಹೇಳಿದರೆ ಅತ್ತೆಗೆ ಏನಾಗುತ್ತದೆ ಎಂದು ಕೇಳಿದೆ. ಅವರು ಉತ್ತರ ದಿಕ್ಕಿನ ಗುಡ್ಡದ ಕಡೆ ನೋಡಿದರು. ಕೇಂದ್ರದ ಸೆರೆಮನೆ ಅಲ್ಲಿದೆ. ಅದಕ್ಕೂ ಸೂರಿಲ್ಲ. ಅರವತ್ತು ದಾಟಿದವರು ಅಲ್ಲಿಂದ ಇಳಿದು ಬಂದದ್ದನ್ನು ನಾನು ಕಂಡಿಲ್ಲ.

ಉತ್ತರ ಕೊಡುವ ಮೊದಲು ಕಸ್ತೂರಿಯನ್ನು ನೋಡಬೇಕೆಂದೆ. ಸಾಹೇಬರು ಒಪ್ಪಿ ಜೊತೆಗೆ ಬಂದರು. ಗುರುಪಾದನ ಮನೆಯ ಮುಂದೆ ರಸ್ತೆಯ ಬಿಸಿಲಲ್ಲಿ ಅವರು ನಿಂತರು, ನಾನು ಪಡಸಾಲೆಗೆ ಹೋದೆ. ಹೊಸ ತಾಡಪತ್ರಿಯ ಎಣ್ಣೆ ವಾಸನೆ ಮನೆಯೆಲ್ಲ ತುಂಬಿತ್ತು. ಗುರುಪಾದ ನನ್ನನ್ನು ವಿನಯದಿಂದಲೇ ಬರಮಾಡಿಕೊಂಡು, ಮಾತಾಡಿಸಿರಿ ಎಂದು ಹೊರಬಾಗಿಲ ಹತ್ತಿರ ಹೋಗಿ ಕುಳಿತ. ಕಸ್ತೂರಿ ಒಳಕೋಣೆಯ ಹೊಸ್ತಿಲ ಮೇಲಿದ್ದಳು. ಯಾರೋ ಅವಳ ಮುಖಕ್ಕೆ ಬೆಣ್ಣೆ ಹಚ್ಚಿದ್ದರು.

ರಹದಾರಿ ಬಂದಿದೆ ಎಂದು ಪಿಸುಗುಟ್ಟಿದೆ. ಅತ್ತೆ ಗಿರಣಿಗೆ ಹೋಗಿದ್ದನ್ನು ಹೇಳಲು ಮಾತು ಜೋಡಿಸುತ್ತಿದ್ದೆ. ಅವಳೇ ತಡೆದಳು.

“ನನಗ ಗೊತ್ತೈತಿ ವೈನಿ. ಅವ್ವ ಮೂಡಲ ಕಡಿಂದ ಬಂದ್ಲು. ಕಣ್ಣ ಮುಚ್ಚಿದ್ರೂ ಬಿಸಲ ಹೋದದ್ದು ತಿಳೀತೈತಿ.”

“ಮತ್ತ ಯಾಕ ಏಳಲಿಲ್ಲ?”

ಅವಳು ತಪ್ಪು ಮಾಡಿದ ಹುಡುಗಿಯಂತೆ ಹೊಸ್ತಿಲ ಮೇಲಿನ ಅರಿಶಿನವನ್ನು ಉಗುರಿನಿಂದ ಕೆರೆದಳು.

“ತಂಪಿತ್ತು,” ಎಂದಳು.

ಆಮೇಲೆ ಮುಂದುವರಿಸಿದಳು, ಗಂಡನಿಗೆ ಕೇಳದಷ್ಟು ಸಣ್ಣ ದನಿಯಲ್ಲಿ. “ಆ ಗುಡ್ಡದ ಮ್ಯಾಲ ಅವ್ವ ನಾಕ ದಿನಾ ಬಾಳೂದಿಲ್ಲ. ನಾ ರಾಜಧಾನಿಯೊಳಗ ಯಾವ ಸೂರಿನ ಕೆಳಗ ಮಲಗಲಿ? ಸಾಹೇಬ್ರಿಗೆ ಹೇಳು, ಅವ್ವ ಪ್ರೀತಿಲೆ ಹಿಡದ್ಲು ಅಂತ. ಅದು ಸುಳ್ಳೂ ಅಲ್ಲ.”

ಎದ್ದು ಬರುವಾಗ ಗುರುಪಾದ ಚಹಾ ಕುಡಿದು ಹೋಗಬೇಕೆಂದು ಒತ್ತಾಯ ಮಾಡಿದ. ರಸ್ತೆಗೆ ಇಳಿದಾಗ ಕಣ್ಣು ಕತ್ತಲಿಟ್ಟಿತು. ಸಾಹೇಬರು ಕಾಗದ ಹಿಡಿದು ನಿಂತೇ ಇದ್ದರು, ಬೆವರು ಅವರ ಅಂಗಿಯ ಕಾಲರನ್ನು ತೊಯ್ಯಿಸಿತ್ತು. ನಾನು ಮಾತುಗಳನ್ನು ಅಳೆದು ಆಡುವವಳೆಂದು ಹೆಸರಾದವಳು. ಮಮತೆಯ ನೆರಳು ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ರಹದಾರಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಅವರ ದನಿಯಲ್ಲಿ ದುಃಖವಿತ್ತು. ಹಾಗೆಯೇ ಒಂದಿಷ್ಟು ನಿರಾಳವೂ ಇತ್ತೆಂದು ನಾನು ಹೇಳಲೇಬೇಕು.

ಮನೆಗೆ ಬಂದಾಗ ಅತ್ತೆ ಎದ್ದು ಅಡುಗೆ ಮಾಡಿದ್ದರು. ಯಮನೂರ ಕಚೇರಿಯಿಂದ ಬಂದಿದ್ದ. ಅವನ ಮೇಲಿನವರು ಇಂದು ತಾವೇ ಕರೆದು ನಗುತ್ತ ಮಾತಾಡಿಸಿದರಂತೆ. ಅದು ಯಾಕೆಂದು ಅವನಿಗೆ ಹೊಳೆದಿರಲಿಲ್ಲ, ಅಥವಾ ಹೊಳೆಯಗೊಡದಿರುವಷ್ಟು ಜಾಣ್ಮೆ ಅವನಿಗಿತ್ತು. ತಂಗಿಯ ವಿಷಯ ಕೇಳಿದ. ಜ್ವರವಿದೆ, ಬೆಣ್ಣೆ ಹಚ್ಚಿದ್ದಾರೆ ಎಂದೆ. ಅವನು ತಲೆ ತಗ್ಗಿಸಿ ಉಂಡು ಹೊರಗೆ ಹೋದ.

ಅತ್ತೆ ನನ್ನ ತಟ್ಟೆಯೆದುರು ಕುಳಿತರು. ಬಡಿಸಲಿಲ್ಲ. ಒಂದೇ ದಿನದಲ್ಲಿ ಅವರ ಗಲ್ಲ ಒಳಗೆ ಹೋಗಿತ್ತು. ಮೆಲ್ಲಗೆ ಕೇಳಿದರು, “ಆಕಿಗೆ ತಿಳೀತೇನ?”

ತಿಳಿಯಿತು ಎಂದು ಹೇಳಿಬಿಡುವ ಆಸೆ ನನ್ನ ಗಂಟಲವರೆಗೆ ಬಂತು. ಹೇಳಿದ್ದರೆ ಆ ಮುದುಕಿ ಅಲ್ಲೇ ಕುಸಿಯುತ್ತಿದ್ದರು, ನನಗೆ ಅರೆಗಳಿಗೆ ಹಗುರವೂ ಆಗುತ್ತಿತ್ತು. ಗುಡ್ಡದ ಮೇಲಿನ ಸೆರೆಗಿಂತ ಅದು ದೊಡ್ಡ ಶಿಕ್ಷೆ, ಅದನ್ನು ಕೊಡುವ ಅಧಿಕಾರ ಎರಡು ಸರ್ಕಾರಗಳಿಗೂ ಇರಲಿಲ್ಲ. ಅದು ನನ್ನೊಬ್ಬಳಿಗೆ ಮಾತ್ರ ಇತ್ತು.

“ಜ್ವರದ ಮಂಪರಿನ್ಯಾಗ ಇದ್ಲು ಅತ್ತಿ,” ಎಂದೆ. “ಆಕಿಗೆ ಏನೂ ನೆನಪಿಲ್ಲ.”

ಅವರು ಆಗ ಅನ್ನದ ಗಡಿಗೆಯನ್ನು ಹತ್ತಿರ ಎಳೆದುಕೊಂಡು ನನಗೆ ಬಡಿಸಿದರು. ನಾನು ಕೈ ತೊಳೆದು ಉಣ್ಣತೊಡಗಿದೆ. ಗಂಡನಿಗಾಗಲಿ, ಮುಂದೆ ಕೇಳಲು ಬರುವ ಯಾವ ಸಾಹೇಬರಿಗಾಗಲಿ, ಇನ್ನು ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಮೊದಲ ತುತ್ತಿಗೇ ಗೊತ್ತುಮಾಡಿಕೊಂಡೆ, ಎರಡನೆಯ ತುತ್ತು ಇಳಿಯಬೇಕಿದ್ದರೆ ಅದು ಬೇಕಾಗಿತ್ತು.